ರೊಟ್ಟಿಗೊಂದು ಹುಣಸೆಬೀಜ

ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಮೂರು ವರ್ಷ ಕಳೆದು, ಹತ್ತಿಯ ಧೂಳಿಗೆ ಕೆಮ್ಮು ಹತ್ತಿಸಿಕೊಂಡು ನಾನು ವಿಜಾಪುರಕ್ಕೆ ಮರಳಿದಾಗ ನನಗೆ ಇಪ್ಪತ್ತಮೂರು ವರ್ಷ. ದೊಡ್ಡ ಯುದ್ಧ ಮುಗಿದು ಒಂದು ವರ್ಷವಾಗಿರಬೇಕು. ಸ್ಟೇಷನ್ ರಸ್ತೆಯಲ್ಲಿ ಅವ್ವ ಒಂದು ಖಾನಾವಳಿ ನಡೆಸುತ್ತಿದ್ದಳು. ಗಿರಣಿಯಲ್ಲಿ ನನ್ನ ಕೆಲಸವೆಂದರೆ ಯಾವ ಮಗ್ಗದಿಂದ ಎಷ್ಟು ಗಜ ಬಟ್ಟೆ ಇಳಿಯಿತೆಂದು ನೋಡಿ ಹಲಗೆಯ ಮೇಲೆ ಬರೆಯುವುದು. ಒಂದು ಗೇಣು ಬಟ್ಟೆಯನ್ನೂ ನಾನು ನೇಯ್ದವನಲ್ಲ. ಆದರೂ ದುಡಿಮೆಯ ವಿಷಯ ನನ್ನಷ್ಟು ತಿಳಿದವರು ಈ ಊರಲ್ಲಿ ಯಾರೂ ಇಲ್ಲ ಎಂಬ ಗತ್ತಿನಲ್ಲೇ ರೈಲಿನಿಂದ ಇಳಿದಿದ್ದೆ.

ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಮೂವರು ಹೆಂಗಸರಿದ್ದರು. ಅವ್ವ ಅವರನ್ನು ಅವರವರ ತವರೂರಿನಿಂದಲೇ ಕರೆಯುತ್ತಿದ್ದಳು. ಬಬಲೇಶ್ವರದಾಕಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಟಿಕೋಟಾದಾಕಿ ಮಾತು ಕಡಿಮೆ. ಅವಳ ಗಂಡ ಹಮಾಲಿ ಮಾಡುತ್ತ ಬೆನ್ನು ಮುರಿದುಕೊಂಡು ಮನೆ ಹಿಡಿದಿದ್ದ. ಅವಳು ತುಂಬಿದ ಬಸುರಿ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮೂರನೆಯವಳು ಮಮದಾಪುರದ ಆಯಿ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ. ಅವ್ವ ಖಾನಾವಳಿ ಹಾಕಿದ ದಿನದಿಂದ ಇದ್ದವಳು. ನಾನು ಹುಡುಗನಾಗಿದ್ದಾಗ ಬಿಸಿರೊಟ್ಟಿಗೆ ಬೆಣ್ಣೆ ಸವರಿ ಕದ್ದು ಕೊಡುತ್ತಿದ್ದವಳೂ ಅವಳೇ.

ಮಧ್ಯಾಹ್ನದ ರೈಲು ಬಂದಾಗ ಗಿರಾಕಿಗಳು ಮುಗಿಬೀಳುತ್ತಿದ್ದರು, ರೊಟ್ಟಿ ಸಾಲುತ್ತಿರಲಿಲ್ಲ. ಅರ್ಧ ಊಟಕ್ಕೇ ಎದ್ದು ಸ್ಟೇಷನ್ನಿನತ್ತ ಓಡುವವರನ್ನು ಕಂಡು ನನ್ನ ಗಿರಣಿಬುದ್ಧಿ ಕೆರಳಿತು. ಮೂವರ ಮುಂದೆಯೂ ಒಂದೊಂದು ಮಣ್ಣಿನ ಕುಡಿಕೆ ಇಟ್ಟೆ, ನಡುವೆ ಹುಣಸೆಬೀಜದ ರಾಶಿ ಸುರಿದೆ. ಹಂಚಿನಿಂದ ಒಂದು ರೊಟ್ಟಿ ಇಳಿದರೆ ಕುಡಿಕೆಗೆ ಒಂದು ಬೀಜ. ಸಂಜೆ ನಾನು ಎಣಿಸಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆಯುವುದು.

"ಯಾಕ್ರಿ ಅಣ್ಣಾರ, ಚೌಕಾಬಾರಾ ಆಡಾವ್ರೇನು?" ಎಂದಳು ಬಬಲೇಶ್ವರದಾಕಿ.

ಮೊದಲ ದಿನವೇ ಅವಳ ಕುಡಿಕೆ ತುಂಬಿತು. ನಾನು ಹಿಗ್ಗಿದೆ. ಗಿರಾಕಿಗಳು ಹಿಗ್ಗಲಿಲ್ಲ. ಊಟದ ಗಂಗಾಳದಷ್ಟಿದ್ದ ರೊಟ್ಟಿ ಅಂಗೈಯಷ್ಟಾಗಿತ್ತು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮರುದಿನ ಒಂದು ಹಿತ್ತಾಳೆಯ ತಟ್ಟೆ ತಂದಿಟ್ಟು, ಇದಕ್ಕಿಂತ ಚಿಕ್ಕದಾದರೆ ಲೆಕ್ಕಕ್ಕಿಲ್ಲ ಎಂದು ಸಾರಿದೆ.

ವಾರ ಮುಗಿದಾಗ ಬಾಗಿಲ ಮೇಲಿನ ಲೆಕ್ಕ ಸ್ಪಷ್ಟವಾಗಿತ್ತು. ಬಬಲೇಶ್ವರದಾಕಿ ಎಲ್ಲರಿಗಿಂತ ಮುಂದೆ, ಟಿಕೋಟಾದಾಕಿ ನಡುವೆ, ಆಯಿ ಎಲ್ಲರಿಗಿಂತ ಹಿಂದೆ. ಗಿರಣಿಯಲ್ಲಿ ಹಿಂದೆ ಬಿದ್ದವರನ್ನು ತೆಗೆಯುತ್ತಿದ್ದರು. ನಾನೂ ಹಾಗೆಯೇ ಹೇಳಿಬಿಟ್ಟೆ: "ಇನ್ನೊಂದು ವಾರ ನೋಡ್ತೀನಿ. ಕಡಿಮಿ ಬಂದವ್ರನ್ನ ಬಿಡಸೂದು. ಅವ್ರ ಜಾಗಾಕ್ಕ ಚುರುಕ ಇದ್ದವ್ರನ್ನ ತರೂದು."

ಆಯಿ ಹಿಟ್ಟಿನ ಕೈ ತೊಳೆದುಕೊಂಡು, "ಆತು ಬಿಡಪಾ, ನಿಂದೂ ಖರೇನ ಐತಿ" ಎಂದಳು. ಬೆಣ್ಣೆ ಸವರಿದ ಕೈಗಳೇ ಅವು. ಎದೆಯೊಳಗೆ ಸ್ವಲ್ಪ ಚುರ್ ಎಂದದ್ದು ನಿಜ. ಆದರೆ ಅಳತೆ ಅಳತೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ವಾರ ಕೆಮ್ಮು ಹೆಚ್ಚಾಗಿ, ಒಂದು ಮಧ್ಯಾಹ್ನ ಅಡುಗೆಮನೆಯ ಗೋಡೆಯಾಚೆ ಹೊರಸಿನ ಮೇಲೆ ಬಿದ್ದುಕೊಂಡಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಗಿರಣಿಯಲ್ಲಿ ಮೂರು ವರ್ಷ ಇದ್ದುದಕ್ಕೆ ಒಂದು ಅಭ್ಯಾಸವಾಗಿತ್ತು, ಕಣ್ಣು ಮುಚ್ಚಿಯೇ ಯಾವ ಮಗ್ಗ ನಿಂತಿತೆಂದು ಹೇಳುತ್ತಿದ್ದೆ. ಇಲ್ಲಿಯೂ ಮೂರು ಸಪ್ಪಳ ಬೇರೆ ಬೇರೆಯಾಗಿ ಕೇಳತೊಡಗಿದವು. ಬಬಲೇಶ್ವರದಾಕಿಯದು ಪಟಪಟ. ಟಿಕೋಟಾದಾಕಿಯದೂ ಪಟಪಟವೇ, ಆದರೆ ಮತ್ತೆ ಮತ್ತೆ ನಿಲ್ಲುತ್ತಿತ್ತು. ಆಯಿಯದು ನಿಧಾನ. ಸಂಜೆ ಮನೆಯ ದಾರಿ ಹಿಡಿದ ಎತ್ತಿನ ಹಾಗೆ, ಅವಸರವಿಲ್ಲ, ನಿಲ್ಲುವುದೂ ಇಲ್ಲ. ಸುಮ್ಮನೆ ಬೆರಳು ಮಡಿಚಿ ಎಣಿಸಿದೆ. ಊಟದ ಹೊತ್ತು ಮುಗಿಯುವಷ್ಟರಲ್ಲಿ ಆಯಿ ಟಿಕೋಟಾದಾಕಿಗಿಂತ ಹನ್ನೆರಡು ರೊಟ್ಟಿ ಮುಂದಿದ್ದಳು.

ಎದ್ದು ಹೋಗಿ ಕುಡಿಕೆಗಳನ್ನು ಸುರಿದೆ. ಬೀಜಗಳ ಲೆಕ್ಕ ಉಲ್ಟಾ ಇತ್ತು!

ಸಿಟ್ಟು ನೆತ್ತಿಗೇರಿತು. "ಆಯಿ ಬೀಜ ನಿನ್ನ ಕುಡಿಕ್ಯಾಗ ಹ್ಯಾಂಗ ಬಂದಾವು? ಇದು ಕಳವು ಅಲ್ಲೇನು?" ಎಂದು ಟಿಕೋಟಾದಾಕಿಯ ಮೇಲೆ ಹರಿಹಾಯ್ದೆ. ಅವಳು ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಹಾಗೆಯೇ ಹಿಡಿದು ಪಿಳಿಪಿಳಿ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಆಕಿಗ್ಯಾಕ ಬೈತಿ?" ಎಂದಳು ಆಯಿ. "ನೀ ಕುಡಿಕಿ ಇಟ್ಟ ದಿನದಿಂದ ನಾನಽ ಹಾಕೇನಿ. ಹಿಂದ ಬಿದ್ದವ್ರಿಗೆ ಕುತ್ತು ಬರತೈತಿ ಅಂತ ಆವತ್ತಽ ತಿಳದಿತ್ತು. ಆಕಿ ನೀರಿಗೆ ಎದ್ದಾಗೊಮ್ಮೆ ಒಂದೊಂದು."

"ಹಿಂಗ ಮಾಡಿದ್ರ ನೀನಽ ಹೋಗಬೇಕಾಗ್ತಿತ್ತಲ್ಲ ಆಯಿ?"

"ನಾ ಹ್ವಾದ್ರ ಒಂದ ಹೊಟ್ಟಿ, ತಮ್ಮಾ. ಎಲ್ಲೆರೆ ತುಂಬತೈತಿ. ಆಕಿ ಹ್ವಾದ್ರ ಮೂರು."

ಟಿಕೋಟಾದಾಕಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ನನಗಂತೂ ನಾಚಿಕೆಯಿಂದ ಕಿವಿ ಬಿಸಿಯಾದವು. ಬಾಗಿಲ ಮೇಲಿನ ಸುಣ್ಣದ ಬರಹವನ್ನು ಅಂಗಿಯ ತೋಳಿನಿಂದಲೇ ಒರೆಸಿಬಿಟ್ಟೆ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಲೇ ಶಾಣ್ಯಾ, ರೊಟ್ಟಿ ಎಣಿಸಿದಿ. ಆಕಿ ಎಷ್ಟ ಸಲ ಏಳ್ತಾಳ ಅದನ್ನ ಎಣಿಸಿದೇನು?" ಎಂದಳು.

ಮರುದಿನ ಬೀಜ ಬದಿಗಿಟ್ಟು ಮೂಲೆಯಲ್ಲಿ ಕುಳಿತು ಅದನ್ನೇ ಎಣಿಸಿದೆ. ನೀರಿನ ಹಂಡೆ ಹಿತ್ತಿಲ ಬಾಗಿಲ ಹತ್ತಿರ, ತೊಗರಿಕಟ್ಟಿಗೆ ಹೊರಗೆ. ಬಾಗಿಲಿಗೆ ಹತ್ತಿರ ಕೂತಿದ್ದವಳು ಟಿಕೋಟಾದಾಕಿ. ಆಯಿಗೆ ಮೊಣಕಾಲು ನೋವು, ಬಬಲೇಶ್ವರದಾಕಿಗೆ ಅವಸರ, ಹೀಗಾಗಿ ಮೂವರಿಗೂ ನೀರು, ಕಟ್ಟಿಗೆ ತರುತ್ತಿದ್ದವಳು ಅವಳೊಬ್ಬಳೇ. ಆ ಹೊಟ್ಟೆ ಹೊತ್ತುಕೊಂಡು, ಗೋಡೆ ಹಿಡಿದು, ಒಂದು ಮಧ್ಯಾಹ್ನದಲ್ಲಿ ಮೂವತ್ತೊಂದು ಸಲ ಎದ್ದಳು. ಅದಕ್ಕೆ ನಾನು ಒಂದೂ ಬೀಜ ಇಟ್ಟಿರಲಿಲ್ಲ.

ಆಮೇಲೆ ಮಾಡಿದ ಕೆಲಸಗಳ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ. ಪ್ರತಿ ಒಲೆಯ ಪಕ್ಕ ಒಂದು ನೀರಿನ ಕೊಡ ಇಡಿಸಿದೆ. ಕಟ್ಟಿಗೆಯನ್ನು ಮುಂಜಾನೆ ನಾನೇ ಮುರಿದು ಕೈಗೆಟುಕುವಂತೆ ಒಟ್ಟುತ್ತಿದ್ದೆ. ಗೌಂಡಿಯನ್ನು ಕರೆಸಿ ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿ ಒಲೆಗಳನ್ನು ಅದರ ಮೇಲೆ ಏರಿಸಿದೆ. "ನಿಂತ ರೊಟ್ಟಿ ಬಡಿಯಾಕ ನಾವೇನ ಪೊಲೀಸರೇನ್ರಿ?" ಎಂದು ಬಬಲೇಶ್ವರದಾಕಿ ನಕ್ಕಳು. ಎರಡೇ ದಿನಕ್ಕೆ ಅವಳೇ ಕೂತು ಬಡಿಯಲು ಒಲ್ಲೆನೆಂದಳು. ಆಯಿಯ ಮೊಣಕಾಲಿಗೆ ಆರಾಮವೆನಿಸಿತು. ಮೂವರ ನಡುವೆ ಒಂದೇ ಕುಡಿಕೆ ಇಟ್ಟೆ. ಹತ್ತು ದಿನದೊಳಗೆ ರೈಲು ಬರುವ ಮೊದಲೇ ಬುಟ್ಟಿ ತುಂಬತೊಡಗಿತು. ಅರ್ಧ ಊಟಕ್ಕೆ ಏಳುವ ಗಿರಾಕಿ ಒಬ್ಬನೂ ಉಳಿಯಲಿಲ್ಲ.

ದಿನ ತುಂಬುತ್ತ ಬಂದಾಗ ಟಿಕೋಟಾದಾಕಿ ಹೆರಿಗೆಗೆ ತವರಿಗೆ ಹೋದಳು. ಅವಳ ಜಾಗಕ್ಕೆ ಬೇರೆಯವರನ್ನು ತರುವುದು ಬೇಡ, ಅದು ಅವಳದೇ ಎಂದು ನಾನೇ ಹೇಳಿದೆ.

"ಹಂಗಾರ ಆಕಿ ಬರೂತನಕ ನೀನಽ ನಿಲ್ಲು" ಎಂದಳು ಅವ್ವ.

ಬಬಲೇಶ್ವರದಾಕಿ ಎಲ್ಲಿಂದಲೋ ಹಳೆಯ ಮೂರು ಕುಡಿಕೆಗಳನ್ನು ಹುಡುಕಿ ತಂದಳು. "ಇವತ್ತ ಬ್ಯಾರೆ ಬ್ಯಾರೆ ಇರಲ್ರಿ. ಕಡಿಮಿ ಬಂದವ್ರನ್ನ ಬಿಡಸೂದು ಅಣ್ಣಾರದಽ ಕಾಯ್ದೆ ಐತಿ!"

ಧೋತರ ಎತ್ತಿ ಕಟ್ಟಿ ನಿಂತೆ. ಮೊದಲ ರೊಟ್ಟಿ ಎತ್ತುವಾಗಲೇ ಹರಿಯಿತು. ಎರಡನೆಯದು ಒಲೆಗೆ ಬಿತ್ತು. ಹಿಟ್ಟು ಬೆರಳಿಗೆ ಅಂಟುತ್ತಿತ್ತು, ಹಂಚು ಸುಡುತ್ತಿತ್ತು, ನಡುನಡುವೆ ಕೆಮ್ಮು ಬಂದಾಗ ಹಿತ್ತಿಲಿಗೆ ಓಡುತ್ತಿದ್ದೆ. ರೊಟ್ಟಿ ಎಂದು ಕರೆಯಬಹುದಾದದ್ದನ್ನು ಇಳಿಸಿದಾಗ ಮಾತ್ರ ಪ್ರಾಮಾಣಿಕವಾಗಿ ಒಂದು ಬೀಜ ಹಾಕುತ್ತ ಹೋದೆ.

ಸಂಜೆ ಅವ್ವ, ಗೌಂಡಿ, ಇಬ್ಬರು ಕಾಯಂ ಗಿರಾಕಿಗಳು ನೋಡುತ್ತಿರುವಾಗ ಬಬಲೇಶ್ವರದಾಕಿ ನನ್ನ ಕುಡಿಕೆಯನ್ನು ನೆಲದ ಮೇಲೆ ಸುರಿದು, ಒಂದೊಂದೇ ಸರಿಸುತ್ತ ದೊಡ್ಡ ದನಿಯಲ್ಲಿ ಎಣಿಸಿದಳು. ಇಪ್ಪತ್ತಾರು ಬೀಜ. ಆಯಿ ನನ್ನತ್ತ ನೋಡದೆ ಒಲೆ ಊದುತ್ತಿದ್ದಳು.

ನಾನು ಬಡಿದದ್ದು ಒಂಬತ್ತು ರೊಟ್ಟಿ.