ರತ್ನತ್ತೆಯ ಮೂರನೇ ನಿಯಮ

ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಯಾರೂ ಹತ್ತಿ ಕೀಳದ ಒಂದು ತೆಂಗಿನ ಮರವಿದೆ. ಬೆಳಗಿನ ಜಾವ, ಹಾಲಿನವನ ಬೈಕು ಬರುವುದಕ್ಕೂ ಮುಂಚೆ, ಒಮ್ಮೊಮ್ಮೆ ಅದರಿಂದ ಒಣಕಾಯಿಯೊಂದು ಕಳಚಿ ಬೀಳುತ್ತದೆ. ಧೊಪ್ಪೆಂದು ಒಂದು ಸದ್ದು, ಅದರ ಹಿಂದೆಯೇ ಯಾವುದೋ ನಾಯಿಯ ಬೊಗಳು, ಮತ್ತೆ ಮೌನ. ಮಗ್ಗುಲು ಬದಲಿಸಿ ಮಲಗಬೇಕಾದ ನಾನು ಕಿವಿಗೊಟ್ಟು ಕಾಯುತ್ತೇನೆ, ಇನ್ನೊಂದು ಸದ್ದು ಬಂದೀತೇನೋ ಎಂಬಂತೆ. ಬರುವುದಿಲ್ಲ. ಬರಲೂಬಾರದು. ಎರಡು ಕಾಯಿಗಳನ್ನು ಒಟ್ಟಿಗೆ ಬಿಟ್ಟರೂ ಕೇಳುವ ಸದ್ದು ಒಂದೇ ಎಂದು, ಗುಬ್ಬಿ ಹತ್ತಿರದ ಕಡಬದ ನಮ್ಮ ಹಳೆಯ ಮನೆಯ ಅಂಗಳದಲ್ಲಿ, ಮನೆಮಂದಿಯ ಎದುರಿಗೆ, ನನ್ನ ಸೋದರತ್ತೆ ರತ್ನ ತೋರಿಸಿಕೊಟ್ಟಿದ್ದಳು.

ಆ ಮನೆ ಈಗಿಲ್ಲ. ಪಾಲಾದ ಮೇಲೆ ಚಿಕ್ಕಪ್ಪಂದಿರು ತಂತಮ್ಮ ಕಡೆಯ ಗೋಡೆ ಕೆಡವಿ ಹೊಸದು ಕಟ್ಟಿಕೊಂಡರು. ನಮ್ಮ ಪಾಲಿಗೆ ಬಂದ ಕೊಟ್ಟಿಗೆಯ ಜಾಗದಲ್ಲಿ ಇವತ್ತು ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಕಣ್ಣು ಮುಚ್ಚಿದರೆ ಅದರ ಹೊಸಿಲು ಎಷ್ಟು ಎತ್ತರವೆಂದು ಕಾಲಿಗೆ ಇನ್ನೂ ನೆನಪಿದೆ. ಹೋಗಿ ನಿಂತರೆ ಹೊಸಿಲೇ ಇರುವುದಿಲ್ಲ. ನಮ್ಮದು ಕೆರೆ ಏರಿಯ ಕೆಳಗೆ, ತೆಂಗಿನ ತೋಟಕ್ಕೆ ಬೆನ್ನು ಕೊಟ್ಟು ಕೂತಿದ್ದ ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುತ್ತಿದ್ದುದು ಅಟ್ಟದ ವಾಸನೆ. ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಲ್ಲಿ ಬಿಟ್ಟ ಕಾಯಿಗಳು ಒಲೆಯ ಹೊಗೆ ಕುಡಿದು, ತಮ್ಮೊಳಗಿನ ನೀರನ್ನು ತಾವೇ ಹೀರಿಕೊಂಡು, ಎಣ್ಣೆಯ ಸಿಹಿಗಂಪು ಬಿಡುತ್ತಿದ್ದವು. ಆ ಗಂಪು ನಮ್ಮ ಬಟ್ಟೆಗೆ, ಹಾಸಿಗೆಗೆ, ಕೊನೆಗೆ ಪುಸ್ತಕಗಳಿಗೂ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ವಿಜ್ಞಾನದ ಪುಸ್ತಕವನ್ನು ಮೂಸಿ, "ಸುಮಾ, ನಿನ್ ಪುಸ್ತಕ ತಿನ್ಬೋದು ಕಣೇ" ಅನ್ನುತ್ತಿದ್ದಳು.

ಆ ಪುಸ್ತಕವನ್ನು ನಾನೊಬ್ಬಳೇ ಓದುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ, ನಾನು ಹತ್ತನೇ ತರಗತಿಗೆ ಬಂದ ವರ್ಷವೇ ರತ್ನತ್ತೆಯೂ ಎಸ್ಸೆಸ್ಸೆಲ್ಸಿಗೆ ಕಟ್ಟಿದಳು. ಅವಳು ತಾತನ ಕೊನೆಯ ಮಗಳು. ಹುಡುಗಿಯಾಗಿದ್ದಾಗ ಹತ್ತನೇ ತರಗತಿ ಓದುತ್ತಿದ್ದಂತೆಯೇ ಹುಲಿಯೂರುದುರ್ಗದ ಕಡೆಯಿಂದ ಒಳ್ಳೆಯ ಸಂಬಂಧ ಬಂತೆಂದು ಪರೀಕ್ಷೆಗೂ ಮುಂಚೆ ಮದುವೆ ಮಾಡಿ ಕಳಿಸಿದ್ದರು. ಗಂಡ ಒಳ್ಳೆಯವನೇ. ಆದರೆ ಕೆಲವೇ ವರ್ಷಗಳಲ್ಲಿ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದು ಬಸ್ಸಿಳಿದು ಬಂದ ಅತ್ತೆ ಅಂದಿನಿಂದ ಮನೆಯಲ್ಲಿ ಸದ್ದು ಮಾಡದೆ ಓಡಾಡುತ್ತಿದ್ದಳು. ಪಾತ್ರೆಯನ್ನು ಕೂಡ ಶಬ್ದವಾಗದಂತೆ ಇಡುತ್ತಿದ್ದಳು. ಏರಿಯಾಚೆಯ ಹಳ್ಳಿಯಲ್ಲಿ ಅಂಗನವಾಡಿ ತೆರೆಯುತ್ತಾರೆ, ಎಸ್ಸೆಸ್ಸೆಲ್ಸಿ ಆಗಿರೋ ಹೆಂಗಸು ಬೇಕಂತೆ ಎಂಬ ಸುದ್ದಿ ಬಂದ ಸಂಜೆ, ಅವಳೇ ಬಾಯಿಬಿಟ್ಟು ನಮ್ಮಪ್ಪನನ್ನು ಕೇಳಿದಳು: "ಅಣ್ಣ, ನಾನೂ ಪರೀಕ್ಷೆಗೆ ಕಟ್ಲಾ?"

ಜಗಲಿಯ ಮೇಲಿಂದ ತಾತನ ದನಿ ಬಂತು. "ಈಗ ಓದಿ ಯಾರ್ನ ಉದ್ಧಾರ ಮಾಡ್ಬೇಕು ಅವ್ಳು? ಎರಡ್ ಹೊತ್ತು ಹಿಟ್ಟಿಗೆ ಏನ್ ಕಮ್ಮಿ ಆಗಿದೆ ಈ ಮನೇಲಿ?"

ಅಪ್ಪ ಎದುರು ಮಾತಾಡುವವನಲ್ಲ. ಆ ವಾರ ಗುಬ್ಬಿ ಸಂತೆಗೆ ಹೋದವನು ಸುಮ್ಮನೆ ಅರ್ಜಿ ಹಾಕಿ ಬಂದ. ತಾತ ಬಹಳ ದಿನ ಅಪ್ಪನ ಜೊತೆಗೂ ಅತ್ತೆಯ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಏನಾದರೂ ಹೇಳುವುದಿದ್ದರೆ ಎತ್ತುಗಳಿಗೆ ಹೇಳುತ್ತಿದ್ದ, ಇವರಿಗೆ ಕೇಳಿಸುವ ಹಾಗೆ.

ಹಾಗೆ ನಾನು ಅತ್ತೆಗೆ ಮೇಷ್ಟ್ರಾದೆ. ಬಾವಿಕಟ್ಟೆಯ ಮೇಲೆ ಸಂಜೆ ಬೆಳಕಿರುವಷ್ಟು ಹೊತ್ತು ನಮ್ಮ ಓದು. ಕನ್ನಡ, ಸಮಾಜ ಅವಳಿಗೆ ಸಲೀಸು. ಗಣಿತವನ್ನೂ ಹೇಗೋ ಹಿಡಿದಳು. ವಿಜ್ಞಾನಕ್ಕೆ ಬಂದಾಗ ತೊಡಕಾಯಿತು, ಅದೂ ನನಗೆ. ನಾನು ಬಲ, ಚಲನೆ, ಜಡತ್ವ, ವೇಗೋತ್ಕರ್ಷ ಎಲ್ಲವನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದವಳು. ಅತ್ತೆಗೆ ಅರ್ಥವಾಗದ್ದು ಬಾಯಿಗೆ ಹತ್ತುತ್ತಿರಲಿಲ್ಲ. "ನಿಂತಿರೋದು ನಿಂತೇ ಇರ್ತದೆ ಅನ್ನೋದು ಸರಿ. ಹೋಗ್ತಿರೋದು ಹೋಗ್ತಾನೇ ಇರ್ತದೆ ಅಂತೀಯಲ್ಲ, ಯಾವ್ದು ಹೋಗ್ತಾ ಇದೆ? ನಮ್ ಗಾಡಿ ಎತ್ತು ಬಿಚ್ಚಿದ್ರೆ ನಿಂತೋಗಲ್ವಾ?" ಎಂದು ಕೇಳುವಳು. ಆಮೇಲೆ ತಾನೇ ಬಾವಿಯ ರಾಟೆಯನ್ನು ಕೈಯಲ್ಲಿ ತಿರುಗಿಸಿ ಬಿಟ್ಟು ನೋಡುವಳು. ಅದು ಕಿರುಗುಟ್ಟಿ ನಿಂತರೆ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ತಿರುಗಿಸುವಳು. ಈ ಸಲ ಅದು ಬಹಳ ಹೊತ್ತು ಸುತ್ತುವುದು. "ಓ, ತಡೆಯೋದು ಇರೋದ್ರಿಂದ ನಿಲ್ತದೆ. ತಡೆಯೋದೇ ಇಲ್ದಿದ್ರೆ?" ಎಂದು ಸುತ್ತುವ ರಾಟೆಯನ್ನೇ ನೋಡುತ್ತ ಕೂರುವಳು. ಘರ್ಷಣೆ ಎಂಬ ಪದಕ್ಕೆ ಒಂದು ಸದ್ದಿದೆ ಎಂದು ನನಗೆ ಗೊತ್ತಾದದ್ದು ಆವತ್ತು.

ಒಂದು ಸಂಜೆ ನಾನು ಗಟ್ಟಿಯಾಗಿ ಓದುತ್ತಿದ್ದೆ: ಭಾರದ ವಸ್ತುವೂ ಹಗುರ ವಸ್ತುವೂ ಒಂದೇ ಎತ್ತರದಿಂದ ಬಿಟ್ಟರೆ, ಗಾಳಿಯ ತಡೆ ಲೆಕ್ಕಕ್ಕಿಲ್ಲದಿದ್ದರೆ, ಒಟ್ಟಿಗೇ ನೆಲ ಮುಟ್ಟುತ್ತವೆ. ದನಗಳಿಗೆ ಹುಲ್ಲು ಹಾಕುತ್ತಿದ್ದ ತಾತನಿಗೆ ತಡೆಯಲಾಗಲಿಲ್ಲ. "ಸುಳ್ಳು," ಅಂದ, ಎಂದಿನಂತೆ ಎತ್ತಿಗೆ. "ಭಾರದ್ದು ಮೊದ್ಲು ಬೀಳ್ತದೆ. ಹುಟ್ಟಿದಾಗಿಂದ ಕಾಯಿ ಬೀಳೋದ್ ನೋಡಿದೀನಿ. ಬರೆದೋನು ತೋಟ ಕಂಡಿಲ್ಲ ಅನ್ನಿಸ್ತದೆ."

ಅತ್ತೆ ಎದ್ದಳು. ಅಟ್ಟದಿಂದ ಒಂದು ತುಂಬುಕಾಯಿ ತಂದಳು. ತೋಟದಲ್ಲಿ ಬಿದ್ದಿದ್ದ, ಇಲಿ ಕೊರೆದು ಪೊಳ್ಳು ಮಾಡಿದ್ದ ಅದೇ ಗಾತ್ರದ ಇನ್ನೊಂದನ್ನು ಹುಡುಕಿ ತಂದಳು. ಎರಡನ್ನೂ ತಾತನ ಕೈಗೆ ಕೊಟ್ಟು, "ತೂಗಿ ನೋಡಪ್ಪ" ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ ಮಾಳಿಗೆಯ ಅಂಚಿಗೆ ಹೋಗಿ ನಿಂತಳು. ಹಿಟ್ಟು ಮೆತ್ತಿದ ಕೈಯಲ್ಲೇ ಅಜ್ಜಿ ಹೊರಗೆ ಬಂದಳು. "ಕಣ್ಣಲ್ಲ, ಕಿವಿಯಿಂದ ನೋಡಿ," ಎಂದು ಮೇಲಿನಿಂದ ಕೂಗಿ ಅತ್ತೆ ಎರಡು ಕೈಯನ್ನೂ ಒಮ್ಮೆಗೇ ಬಿಟ್ಟಳು.

ಧೊಪ್. ಒಂದೇ ಸದ್ದು.

"ಹಗುರದ್ನ ಮೊದ್ಲು ಬುಟ್ಟೆ ನೀನು!" ಎಂದ ತಾತ. ಅತ್ತೆ ಮತ್ತೆ ಬಿಟ್ಟು ತೋರಿಸಿದಳು. ಅವನಿಗೆ ನಂಬಿಕೆಯಿಲ್ಲ. ಕೊನೆಗೆ ತಾನೇ ಏಣಿ ಹತ್ತಿ, "ಸರಿ ಆ ಕಡೆ, ನಾನೇ ಬುಡ್ತೀನಿ" ಎಂದು ಬಿಟ್ಟ. ನಾನು ಕೆಳಗಿನಿಂದ ಕಾಯಿ ಎತ್ತಿ ಕೊಡುತ್ತಲೇ ಇದ್ದೆ, ಅವನು ಬಿಡುತ್ತಲೇ ಇದ್ದ. ಎಷ್ಟು ಬಿಟ್ಟರೂ ಒಂದೇ ಸದ್ದು. ಕೊನೆಗೆ ಮಾಳಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಎಷ್ಟೋ ತಿಂಗಳ ಮೇಲೆ ಮಗಳ ಮುಖ ನೋಡಿ ಕೇಳಿದ: "ಇದ್ಯಾಕಮ್ಮ ಹಿಂಗೆ?"

ಅತ್ತೆ ಅವನ ಪಕ್ಕದಲ್ಲಿ ಕೂತು ಯೋಚಿಸಿ ಯೋಚಿಸಿ ಹೇಳಿದಳು. "ಭಾರದ್ದನ್ನ ಭೂಮಿ ಜಾಸ್ತಿ ಎಳೀತದೆ, ನೀನು ಹೇಳೋದ್ ನಿಜ ಅಪ್ಪ. ಆದ್ರೆ ಭಾರದ್ದನ್ನ ಅಲ್ಲಾಡ್ಸೋದೂ ಅಷ್ಟೇ ಕಷ್ಟ ಅಲ್ವಾ? ಅದಕ್ಕೂ ಇದಕ್ಕೂ ಸರಿಹೋಯ್ತದೆ."

ತಾತ ತಲೆಯಾಡಿಸಿದ. ಆದರೆ ಸೋತು ಇಳಿಯುವ ಜೀವವೇ ಅದು? "ಆಯ್ತು. ಆದ್ರೆ ಇದ್ನ ತಿಳ್ಕೊಂಡು ಹೆಣ್ಣೆಂಗ್ಸು ಏನ್ ಮಾಡ್ಬೇಕು?" ಎನ್ನುತ್ತಲೇ ಏಣಿ ಇಳಿದ.

ಚಳಿ ಮುಗಿಯುವ ಹೊತ್ತಿಗೆ ನಾವು ಮೂರನೇ ನಿಯಮಕ್ಕೆ ಬಂದೆವು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ. ಅತ್ತೆ ಅಂಗಳದಲ್ಲಿ ನಿಂತಿದ್ದ ಗಾಡಿಯ ಕಡೆ ತಿರುಗಿ ನೋಡಿದಳು. ಆಮೇಲೆ ಕೇಳಿದಳು: "ಎತ್ತು ಗಾಡೀನ ಎಷ್ಟು ಎಳೀತದೋ, ಗಾಡಿ ಎತ್ತನ್ನ ಹಿಂದಕ್ಕೆ ಅಷ್ಟೇ ಎಳೀತದೆ ಅಂತ ತಾನೇ? ಎರಡೂ ಸಮ ಆದ್ರೆ ಗಾಡಿ ಹೆಂಗೆ ಮುಂದಕ್ಕೋಗ್ತದೆ?" ಮರುದಿನ ಶಾಲೆಯಲ್ಲಿ ನಮ್ಮ ವಿಜ್ಞಾನದ ಮಿಸ್ಸನ್ನು ಕೇಳಿದೆ. ಅವರು ಪ್ರಶ್ನೆ ಯಾರದೆಂದು ವಿಚಾರಿಸಿಕೊಂಡು, ಬೋರ್ಡಿನ ಮೇಲೆ ಎತ್ತನ್ನು ಒಂದು ಕಡೆ, ಗಾಡಿಯನ್ನು ಇನ್ನೊಂದು ಕಡೆ ಬರೆದು ಬಾಣದ ಗುರುತು ಹಾಕಿದರು. ಒಂದು ಬಲ ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆಯವರ ಮೇಲಿರುವುದನ್ನು ಕೂಡಿ ಕಳೆಯಬಾರದು. ಎತ್ತಿನ ಕಾಲ ಕೆಳಗೆ ಏನಿದೆ ನೋಡಲು ಹೇಳು ನಿಮ್ಮತ್ತೆಗೆ, ಎಂದರು. ನಾನು ಚಿತ್ರ ಬರೆದುಕೊಂಡು ಓಡಿಬಂದು ತೋರಿಸಿದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆ ವಾರ ಏರಿಯ ಮೇಲೆ ಬಟ್ಟೆ ಒಗೆಯುವ ಹೆಂಗಸರು "ಏನ್ ರತ್ನಮ್ಮಾ, ಜಡೆ ಹಾಕ್ಕೊಂಡು ಲಂಗ ಉಟ್ಕೊಂಡು ಇಸ್ಕೂಲ್ಗೇ ಹೋಗ್ಬಾರ್ದಾ?" ಎಂದು ನಕ್ಕಿದ್ದರಂತೆ. ಆ ಮಾತಿನ ನೋವೂ ಸೇರಿತ್ತೋ ಏನೋ. "ತಲೆಗೆ ಹತ್ತಲ್ಲ ಬುಡು, ನನ್ಗ್ಯಾಕೆ ಇದೆಲ್ಲ," ಎಂದವಳೇ ತನ್ನ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟುಬಿಟ್ಟಳು. ಬಾವಿಕಟ್ಟೆಯ ಮೇಲೆ ನಾನೊಬ್ಬಳೇ ಕೂತು ಓದಿದ ಆ ಸಂಜೆಗಳಷ್ಟು ಬೇಸರದವು ನನ್ನ ಬಾಲ್ಯದಲ್ಲಿ ಬೇರೆ ಇಲ್ಲ.

ಆಗ ಕೆರೆ ಅರ್ಧ ಬತ್ತಿತ್ತು. ಊರಿನವರು ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ತಳದ ಕಪ್ಪು ಮಣ್ಣು, ಹೊಡೆಯುತ್ತಿದ್ದರು. ಒಂದು ಭಾನುವಾರ ತಾತನಿಗೆ ಬುತ್ತಿ ತೆಗೆದುಕೊಂಡು ಅತ್ತೆಯೂ ನಾನೂ ಕೆರೆಯಂಗಳಕ್ಕೆ ಹೋದೆವು. ನೋಡಿದರೆ, ಗೋಡು ತುಂಬಿದ ನಮ್ಮ ಗಾಡಿ ಹಸಿ ಅಂಚಿನಲ್ಲಿ ಹೂತುಕೊಂಡಿದೆ. ಎತ್ತುಗಳು ಕತ್ತು ಚಾಚಿ ಎಳೆಯುತ್ತಿವೆ, ಗೊರಸು ಜಾರುತ್ತಿವೆ, ಗಾಡಿ ಮಿಸುಕುತ್ತಿಲ್ಲ. ತಾತ ಬೆವರಿ, ಚಾಟಿ ಬೀಸುತ್ತ ಕೂಗಾಡುತ್ತಿದ್ದ. ಅತ್ತೆ ಬುತ್ತಿ ನನ್ನ ಕೈಗೆ ಕೊಟ್ಟು ಹಿಂದೆ ಹೋಗಿ ಗಾಡಿಗೆ ಹೆಗಲು ಕೊಟ್ಟಳು. ಒಮ್ಮೆ ಜೋರಾಗಿ ತಳ್ಳಿದ್ದೇ ತಡ, ಅವಳ ಎರಡೂ ಕಾಲು ಹಿಂದಕ್ಕೆ ಜಾರಿ, ಮುಖ ಕೆಳಗಾಗಿ ಕೆಸರಲ್ಲಿ ಬಿದ್ದಳು.

ನಾನು ಹೆದರಿ ಓಡಿದೆ. ಅತ್ತೆ ಕೈಯೂರಿ ಎದ್ದು ಕೂತಳು. ಮುಖವೆಲ್ಲ ಕಪ್ಪುಗೋಡು, ಕಣ್ಣು ಮಾತ್ರ ಕಾಣುತ್ತಿತ್ತು. ತನ್ನ ಕಾಲು ಜಾರಿದ ಎರಡು ಉದ್ದನೆಯ ಗೀರನ್ನು ನೋಡಿದಳು. ಎತ್ತಿನ ಗೊರಸಿನ ಹಿಂದಿನ ಗೀರನ್ನು ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕೆರೆಯಂಗಳಕ್ಕೆಲ್ಲ ಕೇಳುವ ಹಾಗೆ ನಕ್ಕಳು.

"ನೆಲ ಕಣೇ ಸುಮಾ! ನೆಲಾನೇ ತಳ್ಳೋದು! ನಾನು ಗಾಡೀನ ಮುಂದಕ್ಕೆ ತಳ್ಳುವಾಗ ಕಾಲಲ್ಲಿ ನೆಲಾನ ಹಿಂದಕ್ಕೆ ಒದೀತಿದ್ದೆ. ನೆಲ ತಿರುಗಿ ನನ್ನ ಮುಂದಕ್ಕೆ ತಳ್ಬೇಕು. ಕೆಸರು ತಳ್ಲಿಲ್ಲ, ನಾನು ಬಿದ್ದೆ. ಎತ್ತಿಗೂ ಅದೇ! ಮಿಸ್ಸು ಹೇಳಿದ್ದು ಇದೇ!" ಎಂದವಳೇ ತಾತನ ಕಡೆ ತಿರುಗಿದಳು. "ಅಪ್ಪಾ, ಹೊಡೀಬೇಡ ಎತ್ತುಗಳ್ನ. ಕಾಲ್ಕೆಳಗೆ ಏನಾದ್ರೂ ಹಾಕು."

ತಾತ ಚಾಟಿ ಕೆಳಗಿಟ್ಟ. ಏರಿ ಕೆಳಗಿಂದ ತೆಂಗಿನ ಗರಿ ಎಳೆದು ತಂದು ಗೊರಸಿನ ಮುಂದೆ ಹಾಸಿದ. ಅದನ್ನು ಅವನು ಹೇಗೂ ಮಾಡುತ್ತಿದ್ದ; ನೂರು ಸಲ ಮಾಡಿದ್ದ ಕೆಲಸವೇ. ಎತ್ತುಗಳು ಕಾಲೂರಿದವು, ಗಾಡಿ ಒಮ್ಮೆ ನರಳಿ ಮೇಲೆದ್ದು ಬಂತು. ಆದರೆ ಆವತ್ತು ನಾನು ನೋಡಿದ್ದು ತಾತನ ಮುಖವನ್ನು. ಮಗಳು ಹುಲಿಯೂರುದುರ್ಗದಿಂದ ಬಂದ ಮೇಲೆ ಅವಳು ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ಗಾಡಿ ಗಟ್ಟಿನೆಲಕ್ಕೆ ಬಂದ ಮೇಲೂ ಅವನು ನಮ್ಮ ಕಡೆ ತಿರುಗದೆ, ಎತ್ತಿನ ಕತ್ತು ಸವರುತ್ತ ಬಹಳ ಹೊತ್ತು ನಿಂತಿದ್ದ. ಮನೆಗೆ ಬಂದವನು ಕಾಲು ತೊಳೆದು, ಯಾರನ್ನೂ ಕೇಳದೆ ಅಟ್ಟ ಹತ್ತಿ, ಬಟ್ಟೆಯ ಗಂಟನ್ನು ಇಳಿಸಿ ಅವಳ ಮುಂದಿಟ್ಟ. "ಓದ್ಕೋ," ಅಂದ. ಅಷ್ಟೇ.

ಪರೀಕ್ಷೆಗೆ ನಮ್ಮಿಬ್ಬರನ್ನೂ ಗುಬ್ಬಿಗೆ ಕರೆದುಕೊಂಡು ಹೋದದ್ದು ತಾತನೇ. ಬಸ್ಸು ಬ್ರೇಕು ಹಾಕಿದಾಗ ಎಲ್ಲರೂ ಮುಂದಕ್ಕೆ ವಾಲಿದರು. ಅತ್ತೆ ನನ್ನ ಕಿವಿಯಲ್ಲಿ "ಜಡತ್ವ" ಅಂದಳು. ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ವಿಜ್ಞಾನದ ದಿನ ಮೂರನೇ ನಿಯಮಕ್ಕೆ ಉದಾಹರಣೆ ಕೇಳಿದ್ದರು. ನಾನು ಪುಸ್ತಕದಲ್ಲಿದ್ದ ಹಾಗೆ ರಾಕೆಟ್ಟು ಬರೆದೆ. ಅತ್ತೆ ಕೆಸರಿನಲ್ಲಿ ಸಿಕ್ಕಿಕೊಂಡ ಎತ್ತಿನ ಗಾಡಿ ಬರೆದಳಂತೆ, ಚಿತ್ರದ ಸಮೇತ.

ಫಲಿತಾಂಶ ಬಂದಾಗ ನಾನು ಪಾಸು. ಅತ್ತೆ ವಿಜ್ಞಾನದಲ್ಲಿ ಪಾಸು, ಇಂಗ್ಲಿಷಿನಲ್ಲಿ ಫೇಲು. ಅವಳು ಮುಖ ಸಣ್ಣದು ಮಾಡಿಕೊಂಡು ಕಂಬಕ್ಕೊರಗಿ ನಿಂತಿದ್ದಾಗ ತಾತ ಎದ್ದು ಕೂತು ಗದರಿದ: "ಸೈನ್ಸೇ ಪಾಸಾದ್ಮೇಲೆ, ಇಂಗ್ಲಿಷ್ ಯಾವ್ ಲೆಕ್ಕ? ಮತ್ತೆ ಕಟ್ಟು. ಅದ್ಯಾಕ್ ಹಂಗ್ ನಿಂತೀಯಾ?" ಅಕ್ಟೋಬರಿನಲ್ಲಿ ಅವಳು ಅದನ್ನೂ ಮುಗಿಸಿದಳು. ಏರಿಯಾಚೆಯ ಅಂಗನವಾಡಿಗೆ ಆ ಹೊತ್ತಿಗೆ ಬೇರೆಯವರು ಬಂದಾಗಿತ್ತು. ಅವಳು ಇನ್ನೊಂದು ವರ್ಷ ಕಾದಳು. ಆಮೇಲೆ ತೋಟಗಳ ನಡುವಿನ ಇನ್ನೊಂದು ಸಣ್ಣ ಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಪಾತ್ರೆಗಳು ಮತ್ತೆ ಸದ್ದು ಮಾಡತೊಡಗಿದವು.

ನಾನು ಓದಲು ತುಮಕೂರಿಗೆ ಬಂದೆ, ಮುಂದೆ ವಿಜ್ಞಾನದ ಟೀಚರೂ ಆದೆ. ರಜೆಗೆ ಊರಿಗೆ ಹೋದಾಗಲೆಲ್ಲ ಸಂಜೆ ಜಗಲಿಯ ಮೇಲೆ ಒಂದು ಹೊಸ ಪದ್ಧತಿ ಕಾಣುತ್ತಿತ್ತು. ಅತ್ತೆ ಕೆಲಸದಿಂದ ಬಂದು ಕಾಲು ತೊಳೆದು ಕೂರುತ್ತಿದ್ದಂತೆ ತಾತ ಕೇಳುತ್ತಿದ್ದ: "ಇವತ್ತೇನು ಹೇಳ್ಕೊಟ್ಟೆ?" ಅತ್ತೆ ಹೇಳುತ್ತಿದ್ದಳು. ಕಾಗೆಯ ಪದ, ಹತ್ತರವರೆಗೆ ಎಣಿಕೆ, ಕೆಂಪು ಬಣ್ಣ ಯಾವುದು ಹಸಿರು ಯಾವುದು, ಯಾವ ಮಗು ಅತ್ತಿತು, ಯಾವುದು ಉಪ್ಪಿಟ್ಟು ಇನ್ನಷ್ಟು ಬೇಕೆಂದಿತು. ತಾತ ಪಂಚಾಯ್ತಿ ನ್ಯಾಯ ಕೇಳುವಷ್ಟು ಗಂಭೀರವಾಗಿ ಕೇಳುತ್ತಿದ್ದ. ಕಣ್ಣು ಮಂಜಾದ ಮೇಲೂ, ಹಾಸಿಗೆ ಹಿಡಿದ ಮೇಲೂ ಅದು ತಪ್ಪಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ, ದಸರಾ ರಜೆಯಲ್ಲಿ ತಾತ ತೀರಿಕೊಂಡ. ಅಳುವವರು ಅತ್ತರು, ಬಂದವರು ಉಂಡು ಹೋದರು. ತಿಥಿ ಮುಗಿದ ಮರುದಿನ ಅತ್ತೆ ಎಂದಿನಂತೆ ಕೆಲಸಕ್ಕೆ ಹೋದಳು. ನಾನು ಇನ್ನೂ ಊರಲ್ಲೇ ಇದ್ದೆ. ಸಂಜೆ ಅವಳು ಬಂದಳು, ಕಾಲು ತೊಳೆದಳು, ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತಳು. ಮಡಿಸಿಟ್ಟ ತಾತನ ಕಂಬಳಿ ಪಕ್ಕದಲ್ಲೇ ಇತ್ತು. ತೋಟದ ಕಡೆಯಿಂದ ಬೆಳಕು ಇಳಿಯುತ್ತಿತ್ತು.

ಒಳಗೆ ರಾಗಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಅಜ್ಜಿ ಹೊರಗೆ ಬಂದಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ಜಗಲಿಯ ಮೇಲೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಮಂಡಿ ಹಿಡಿದುಕೊಂಡು, ಮೆಲ್ಲಗೆ ಮಗಳ ಪಕ್ಕದಲ್ಲಿ ಕೂತಳು. ಏರಿಯ ಕಡೆ ನೋಡುತ್ತ ಕೇಳಿದಳು:

"ಇವತ್ತೇನು ಹೇಳ್ಕೊಟ್ಟೆ, ರತ್ನಾ?"