ಕೆಲಸವಿಲ್ಲದವನ ಅಡವು

ನಿಜ ಹೇಳಿಬಿಡುತ್ತೇನೆ, ಆ ವರ್ಷ ನನಗೆ ಹಲ್ಲುನೋವು ಇರಲೇ ಇಲ್ಲ. ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ಮೊದಲ ಬಸ್ಸಿನಲ್ಲಿ ಯಾರಾದರೂ "ಎಲ್ಲಿಗೆ ಮಾಷ್ಟ್ರೆ?" ಎಂದರೆ ಸಾಕು, ಕೆನ್ನೆ ಹಿಡಿದುಕೊಂಡು "ಹಲ್ಲು" ಎನ್ನುತ್ತಿದ್ದೆ. ಹೋಗುತ್ತಿದ್ದುದು ಮನೆ ಕಟ್ಟಲು ಸಾಲ ಕೊಡುವ ಒಂದು ಸಂಘದ ಕಚೇರಿಗೆ. ಎರಡು ತಿಂಗಳಲ್ಲಿ ಐದು ಸಲ ಹೋದೆ. ಊರವರ ಎಣಿಕೆಯಲ್ಲಿ ನನ್ನ ಬಾಯಲ್ಲಿ ಹಲ್ಲೇ ಉಳಿದಿರಲಾರದು.

ಮುಚ್ಚಿಡಲು ಕಾರಣವಿತ್ತು. ನಮ್ಮ ಕಡೆ ಅಡವಿಡುವುದೆಂದರೆ ಮನೆತನ ಇಳಿಮುಖವಾಯಿತೆಂದು ಅರ್ಥ. ಇದ್ದ ಮನೆಯನ್ನು ಅಡವಿಟ್ಟವರನ್ನು ಊರು ಕಂಡಿತ್ತು. ನಾನೋ, ಇನ್ನೂ ಕಟ್ಟದ ಮನೆಯನ್ನೇ ಅಡವಿಡಲು ಹೊರಟಿದ್ದೆ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಬರುತ್ತಾನೆಂದು ಶಾಸ್ತ್ರ ಹೇಳುತ್ತದೆ. ಆ ಮೂರಕ್ಕೂ ಯಾರೂ ಜಾಮೀನು ಕೇಳುವುದಿಲ್ಲ. ಸಂಘದವರು ಕೇಳಿದರು.

ಜಾಮೀನಿಗೆ ನಮ್ಮ ಎಲಿಮೆಂಟರಿ ಶಾಲೆಯ ಹೆಡ್‌ಮಾಷ್ಟ್ರು ಒಪ್ಪಿದ್ದರು. ಅಷ್ಟರಲ್ಲಿ ಸುಳ್ಯದ ಕಡೆಯ ಒಂದು ಹೈಸ್ಕೂಲಿನವರು, "ಜೂನಿಗೆ ಬನ್ನಿ, ಆರ್ಡರು ಟಪ್ಪಾಲಿನಲ್ಲಿ ಕಳಿಸ್ತೇವೆ" ಎಂದರು. ಹೆಚ್ಚಿನ ಸಂಬಳದ ಆಸೆಗೆ ಇದ್ದ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟೆ. ಹೆಡ್‌ಮಾಷ್ಟ್ರು ಅದನ್ನು ಮಡಚಿಟ್ಟು, "ಇನ್ನು ನೀವು ನಮ್ಮ ಶಾಲೆಯವರಲ್ಲ. ಜಾಮೀನಿಗೆ ಬೇರೆ ಯಾರನ್ನಾದ್ರೂ ನೋಡಿ" ಎಂದರು. ತಪ್ಪು ಅವರದಲ್ಲ.

ಆರ್ಡರು ಬರಲಿಲ್ಲ. ಹೆಂಡತಿಯ ಬಳೆ ಮಾರಿದ ದುಡ್ಡೆಲ್ಲ ಮುರಕಲ್ಲಿನ ಅಡಿಪಾಯವಾಗಿ ಕೂತಿತ್ತು. ಸಾಲ ತಪ್ಪಿದರೆ ಅದರ ಮೇಲೆ ಹುಲ್ಲು ಬೆಳೆಯುವುದನ್ನು ನೋಡುತ್ತ ಬಾಡಿಗೆ ಮನೆಯಲ್ಲಿರಬೇಕು. ಆ ಬಾಡಿಗೆಗೂ ಸಂಬಳವಿಲ್ಲ. ಪೋಸ್ಟ್‌ಮ್ಯಾನ್ ಬರುವುದು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ನಿಲ್ಲದೆ ಮುಂದೆ ಹೋದರೆ ಇನ್ನೂ ಜೋರಾಗಿ. ಹೆಂಡತಿ ಏನೂ ಕೇಳುತ್ತಿರಲಿಲ್ಲ. ಕೇಳಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಂಥ ದಿನಗಳಲ್ಲೇ ಸಂಘದ ಇನ್ಸ್‌ಪೆಕ್ಟರು ಜಾಗ ನೋಡಲು ಬಂದಿಳಿದರು. ಮೈಮೇಲೆ ಕೋಟು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಫೈಲು. ಸಂಕಪ್ಪಣ್ಣನ ಹೋಟೆಲಿನಲ್ಲಿ ನನ್ನ ಮನೆಯ ದಾರಿ ಕೇಳಿದರಂತೆ. ಸಂಕಪ್ಪಣ್ಣ ಪೇಟೆಯಲ್ಲಿ ಸ್ವಂತ ಕಟ್ಟಡವಿದ್ದವರು, ಮಾತಿಗೆ ತೂಕವಿದ್ದವರು. ಬಂದವರ ವೇಷ ನೋಡಿ, ಇದು ಕೋರ್ಟಿನ ಅಮೀನ, ಮಾಷ್ಟ್ರ ಪಾತ್ರೆಪಡಗ ಜಪ್ತಿ ಮಾಡಲು ಬಂದವ ಎಂದು ಅವರು ತೀರ್ಮಾನಿಸಿಬಿಟ್ಟರು. "ಆ ಮಾಷ್ಟ್ರಾ? ಕೆಲಸ ಬಿಟ್ಟಿದ್ದಾರೆ, ಊರೂ ಬಿಟ್ಟಿದ್ದಾರೆ. ಅವರದ್ದು ಇಲ್ಲಿ ಒಂದು ಚಮಚವೂ ಇಲ್ಲ" ಎಂದರು. ಆಮೇಲೆ ಪಕ್ಕದ ಮನೆಯವರ ಹತ್ತಿರ ನನಗೆ ಹೇಳಿಕಳಿಸಿದರು: "ಅಮೀನನನ್ನು ಸಾಗಹಾಕಿದ್ದೇನೆ. ಇವತ್ತು ಹೊರಗೆ ಬರಬೇಡಿ."

ಬಂದವರು ಅಮೀನನಲ್ಲ, ಸಂಘದ ಇನ್ಸ್‌ಪೆಕ್ಟರೇ ಇರಬೇಕೆಂದು ಹೊಳೆದು ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಇನ್ಸ್‌ಪೆಕ್ಟರು ಪುತ್ತೂರು ಬಸ್ಸಿಗೆ ಕಾಯುತ್ತಿದ್ದರು. ಏದುಸಿರಿನಲ್ಲೇ ಹೇಳಿದೆ, "ಊರು ಬಿಟ್ಟದ್ದು ಸುಳ್ಳು ಸ್ವಾಮಿ. ಕೆಲಸ ಬಿಟ್ಟದ್ದು ನಿಜ."

"ಹೊಸ ಆರ್ಡರು?"

"ಬಂದಿಲ್ಲ."

"ಹಾಗಾದರೆ ಗಟ್ಟಿ ಜಾಮೀನು ಬೇಕು. ಯಾರಿದ್ದಾರೆ?"

ಅಷ್ಟರಲ್ಲಿ, ಅಮೀನನ ಕೈಗೆ ನಾನೇ ಹೋಗಿ ಸಿಕ್ಕಿಬಿದ್ದೆನೆಂದು ಗಾಬರಿಯಾಗಿ ಸಂಕಪ್ಪಣ್ಣ ನನ್ನ ಹಿಂದೆಯೇ ಓಡಿಬಂದಿದ್ದರು.

"ಯಾಕೆ, ನಾನಿಲ್ವಾ? ಎಲ್ಲಿ ರುಜು ಹಾಕುದು?" ಎಂದರು.

ನಾನು ಅವರನ್ನು ತಡೆದೆ. "ಸಂಕಪ್ಪಣ್ಣ, ಯೋಚನೆ ಮಾಡಿ. ನನಗೆ ಈಗ ಕೆಲಸ ಇಲ್ಲ."

"ಗೊತ್ತುಂಟು ಮಾರಾಯ್ರೆ. ಅದನ್ನೇ ಅಲ್ವಾ ನಾನು ಇವರಿಗೆ ಹೇಳಿದ್ದು?"

ಕೆಲಸ ಬಿಟ್ಟದ್ದನ್ನು ನಾನಾಗಿ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಊರಿಗೆ ತಿಳಿದೀತೆಂದು ಇಷ್ಟು ದಿನ ಬೆವತದ್ದೆಲ್ಲ ದಂಡವಾಯಿತು. ಊರು ತಿಳಿದೂ ಸುಮ್ಮನಿತ್ತು. ಸಂಕಪ್ಪಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು, ತೋರಿಸಿದಲ್ಲೆಲ್ಲ ರುಜು ಹಾಕಿದರು. ಇನ್ಸ್‌ಪೆಕ್ಟರು ಕಾಗದ ಫೈಲಿಗೆ ಸೇರಿಸಿ, "ನಡೀರಿ, ಜಾಗ ತೋರಿಸಿ" ಎಂದು ಕೊಡೆ ಬಿಚ್ಚಿದರು.

ನಾನು ಅವರ ಹಿಂದೆ ಹೊರಟಾಗ ಸಂಕಪ್ಪಣ್ಣ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ಕಿವಿಯಲ್ಲಿ ಮೆಲ್ಲಗೆ ಕೇಳಿದರು:

"ಅಲ್ಲ ಮಾಷ್ಟ್ರೆ, ನಾನೀಗ ಜಾಮೀನು ನಿಂತದ್ದು ಎಂತಕ್ಕೆ?"