ತುಳಸಿ ಕಡೆ, ಬಾವಿ ಕಡೆ

ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಕೈಚೀಲ ಹುಡುಕುತ್ತಿದ್ದಾಗ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ದೊಡ್ಡ ಸಿರಿಂಜೊಂದು ಸಿಕ್ಕಿತು. ಸೂಜಿ ಇಲ್ಲ. ತುದಿಗೆ ಗೇಣುದ್ದದ ರಬ್ಬರ್ ನಳಿಗೆ, ಒಳಗೆ ಇನ್ನೂ ಕಪ್ಪುಗೆಂಪು ಕಲೆ. ಯಾರಾದರೂ ನೋಡಿದ್ದರೆ, ಕನ್ನಡ ಕಲಿಸುವ ಈ ಅಕ್ಕೋರು ಸಾಲಿ ಬಿಟ್ಟ ಮೇಲೆ ದನಗಳಿಗೆ ಸೂಜಿ ಮಾಡಲು ಹೋಗುತ್ತಾರೆ ಎಂದುಕೊಳ್ಳುತ್ತಿದ್ದರು. ಮೂಗಿನ ಹತ್ತಿರ ತಂದೆ. ಸುಟ್ಟ ಎಣ್ಣೆಯ ವಾಸನೆ. ಎದೆ ಧಸಕ್ಕೆಂದಿತು.

ನಿಮಗೂ ಹೀಗಾಗುತ್ತದೆಯೋ ಏನೋ. ಹೆದರಿಕೆ ಮುಗಿದು ಎಷ್ಟೋ ಕಾಲವಾಗಿರುತ್ತದೆ, ಮೈ ಮಾತ್ರ ಅದನ್ನು ಬಿಟ್ಟಿರುವುದಿಲ್ಲ. ಅದರಲ್ಲೂ ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಹಿಂದಿರುಗಿ ನೋಡಿದವಳು. ಅಂಥವಳು ಒಂದು ದಿನ ಬೈಲಹೊಂಗಲದ ನಮ್ಮ ಮನೆಯಂಗಳದಲ್ಲಿ ಕಾರಿನ ಸ್ಟೀರಿಂಗ್ ಎಣ್ಣೆ ಬದಲಿಸಿದೆ ಎಂದರೆ ನನ್ನ ತಂಗಿಯೇ ಇನ್ನೂ ನಂಬುವುದಿಲ್ಲ.

ನಮ್ಮ ಮನೆಯವರು ಸಿರಸಂಗಿಯ ಕಡೆಯವರು, ಪೂಜೆ-ಪೌರೋಹಿತ್ಯದ ಮನೆತನ. ಇವರು ಮಾತ್ರ ಮಂತ್ರ ಬಿಟ್ಟು ಮೋಟರ್ ಹಿಡಿದರು. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟರು. ಕಾರು ಕೊಂಡ ಮೇಲೆ ಅದರ ಚಾಕರಿಯೆಲ್ಲ ಅವರದೇ. ಬೆಳಿಗ್ಗೆ ಸ್ನಾನ ಮಾಡಿ, ಜನಿವಾರ ಹಿಂದಕ್ಕೆ ಹಾಕಿಕೊಂಡು ಬಾನೆಟ್ ಎತ್ತಿದರೆಂದರೆ ನಮ್ಮತ್ತೆ, "ಇವನ ದೇವರ ಮನಿ ತಗೀತು ನೋಡು" ಅನ್ನುತ್ತಿದ್ದರು.

ಆಮೇಲೆ ಒಂದು ಮಳೆಗಾಲ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು. ಕಾಲು ನಿಧಾನವಾಗಿ ತಿರುಗಿ ಬಂತು, ಕೈ ಬರಲಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಅಂಜಿಸಿದ್ದು ಅವರ ಮಾತು. ಮಾತು ಹೋಗಿರಲಿಲ್ಲ, ಅದಲುಬದಲಾಗಿತ್ತು. ಸಕ್ಕರೆ ಬೇಕಾದಾಗ ಉಪ್ಪು ಕೇಳುವರು, ಕಿಟಕಿ ತೋರಿಸಿ ಬಾಗಿಲು ಅನ್ನುವರು. ತಪ್ಪಿದ್ದು ಬಾಯಿಂದ ಬಿದ್ದ ಕೂಡಲೇ ಅವರಿಗೇ ತಿಳಿಯುತ್ತಿತ್ತು. ಆಗಿನ ಆ ಮುಖ ನೋಡಲಾರದೆ, ಅವರು ಬಾಯಿ ತೆರೆಯುವ ಮೊದಲೇ ನಾನು ಮಾತು ಮುಗಿಸಿಬಿಡುತ್ತಿದ್ದೆ. ಬರಬರುತ್ತಾ ಅವರು ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದರು.

ಕಾರು ನನ್ನ ಪಾಲಿಗೆ ಬಂತು. ಹಿಂದೆ ಅವರೇ ಕಲಿಸಿದ್ದರು, ಆದರೆ ಊರೊಳಗಿನ ಓಡಾಟದ ಆಚೆ ನಾನು ನಡೆಸಿದವಳಲ್ಲ. ಈಗ ಅನಿವಾರ್ಯ. ಎರಡೂ ಕೈಯಲ್ಲಿ ಸ್ಟೀರಿಂಗ್ ಅಪ್ಪಿ ಹಿಡಿದು, ಎತ್ತಿನ ಗಾಡಿಯವರೂ ದಾಟಿ ಹೋಗುವ ವೇಗದಲ್ಲಿ ನಡೆಸುತ್ತಿದ್ದೆ.

ಕಬ್ಬಿನ ಹಂಗಾಮಿನಲ್ಲಿ ಸುರೇಬಾನದ ನನ್ನ ತವರಿಗೆ ಹೋಗಿ ತಿರುಗಿ ಬರುತ್ತಿದ್ದೆವು. ರಾಮದುರ್ಗ ದಾಟಿದ ಮೇಲೆ ತಿರುವುಗಳಲ್ಲಿ ಕಾರು ನರಳತೊಡಗಿತು, ಹೊಟ್ಟೆನೋವಿನ ದನದ ಹಾಗೆ. ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಬೀಸುವ ಕಲ್ಲು. ಸವದತ್ತಿ ಇನ್ನೂ ದೂರವಿರುವಾಗ, ಒಂದು ಕುರುಡು ತಿರುವಿನಲ್ಲಿ ಎದುರಿಗೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರ್ ಬಂತು. ಅರ್ಧ ರಸ್ತೆ ಅದರದೇ. ನಾನು ಎಡಕ್ಕೆ ಎಳೆದೆ. ಸ್ಟೀರಿಂಗ್ ಕದಲಲಿಲ್ಲ.

ಪಕ್ಕದಲ್ಲಿ ಕುಳಿತ ಇವರು ಕೈ ಚಾಚಿದರು. ಸ್ಟೀರಿಂಗಿಗೆ ಹತ್ತಿರವಿದ್ದದ್ದು ಬಲಗೈ. ಭುಜ ಅಲುಗಿತು, ಕೈ ತೊಡೆಯ ಮೇಲೇ ಉಳಿಯಿತು. ಆ ಕ್ಷಣದಲ್ಲೂ ಅವರು ಆ ಕೈಯನ್ನು ನೋಡಿದ ನೋಟ ನನಗೆ ಕಂಡಿತು. ಮರುಕ್ಷಣ ಇಡೀ ಮೈ ತಿರುಗಿಸಿ ಎಡಗೈಯಿಂದ ಹಿಡಿದೆಳೆದರು. ಇಬ್ಬರೂ ಕೂಡಿ ಎಳೆದಾಗ ಕಾರು ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಕಬ್ಬಿನ ಗರಿಗಳು ಕನ್ನಡಿಯನ್ನು ಸವರಿಕೊಂಡು ಹೋದವು.

ಮನೆ ಮುಟ್ಟಿದ್ದು ಹೇಗೋ ನೆನಪಿಲ್ಲ. ಗ್ಯಾರೇಜಿಗೆ ಫೋನು ಮಾಡಿದರೆ ಮೇಸ್ತ್ರಿಯ ಮಗಳ ಮದುವೆ. "ಅಕ್ಕಾರ, ನಾವೆಲ್ಲಾರೂ ಸಂಗೊಳ್ಳ್ಯಾಗ ಅದೇವ್ರಿ. ಹಂದರ ಬಿಚ್ಚಿದ ಮ್ಯಾಲ ಬರತೇನ್ರಿ" ಎಂದ. ನಮಗೋ ಧಾರವಾಡದ ನರರೋಗ ಡಾಕ್ಟರರ ಸರದಿ ಎದುರಿಗಿತ್ತು. ಅದು ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಬಸ್ಸಿನ ನೂಕುನುಗ್ಗಲಿನಲ್ಲಿ ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಬೀಳಿಸಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಚಹಾ ಕುಡಿದು ಇವರು ತಾವಾಗಿ ಅಂಗಳಕ್ಕಿಳಿದರು. ಬಾನೆಟ್ಟಿನ ಮೇಲೆ ಎಡಗೈ ಇಟ್ಟು, "ನಾವ ಮಾಡೋಣು" ಎಂದರು.

"ಏನ್ ಮಾಡೋದ್ರೀ?"

"ನೀರು… ಅಲ್ಲ. ನೀರು ಅಲ್ಲ…" ಮುಖ ಕೆಂಪಾಯಿತು.

"ಎಣ್ಣಿ" ಎಂದೆ. ಹೂಂ ಎಂದು ತಲೆಯಾಡಿಸಿ ಸ್ಟೀರಿಂಗಿನತ್ತ ಬೆರಳು ತೋರಿದರು.

ನೀರಿಗೂ ಎಣ್ಣೆಗೂ ಹೆಸರು ಬದಲಾಗುವ ಬಾಯಿಯಿಂದ ಹೇಳಿಸಿಕೊಂಡು, ಕಾರಿನ ಒಳಗೆ ಕೈ ಹಾಕುವುದೇ? ನಾಳೆ ಅದೇ ಕಾರಿನಲ್ಲಿ ಕಿತ್ತೂರಿನ ಹತ್ತಿರ ಹೆದ್ದಾರಿ ಹತ್ತಬೇಕು, ಲಾರಿಗಳ ನಡುವೆ. ಆದರೂ ಬೇರೆ ದಾರಿ ಕಾಣದೆ, ಅವರು ಕಾಗದದ ಮೇಲೆ ಎಡಗೈಯಲ್ಲಿ ಬರೆದುಕೊಟ್ಟಂತೆ ಎಣ್ಣೆಯ ಡಬ್ಬಿಯನ್ನೂ ಸಿರಿಂಜನ್ನೂ ತಂದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಚ್ಚಿ ಮುಂಭಾಗ ಎತ್ತಿ, ಅಂಗಡಿಯಿಂದ ತರಿಸಿದ ಕಬ್ಬಿಣದ ಸ್ಟ್ಯಾಂಡುಗಳನ್ನು ಕೆಳಗಿಟ್ಟೆ. ನೂಕಿ ನೋಡಿದೆ. ಇನ್ನೊಮ್ಮೆ ನೂಕಿದೆ. ಅವರು ನಕ್ಕರು. ಲಕ್ವಾ ಹೊಡೆದ ಮೇಲೆ ನಕ್ಕದ್ದು ಕಡಿಮೆ.

ಬಾನೆಟ್ಟಿನೊಳಗೆ ಎರಡು ಪುಟ್ಟ ಡಬ್ಬಿಗಳು. ಒಂದರ ಮೇಲೆ ಬೆರಳಿಟ್ಟು, "ಬ್ರೇಕ್" ಎಂದರು. "ಇದನ್ನ ತಗಿ."

ನನ್ನ ಕೈ ಹಿಂದೆ ಬಂತು. ಬ್ರೇಕಿನದನ್ನು ಖಾಲಿ ಮಾಡಿದರೆ ಗತಿ ಏನು? ಮುಚ್ಚಳದ ಮೇಲಿನ ಮಣ್ಣನ್ನು ಸೆರಗಿನಿಂದ ಉಜ್ಜಿದೆ. ಸ್ಟೀರಿಂಗಿನ ಚಿತ್ರ ಕಂಡಿತು. ಬೆರಳು ಸರಿಯಿತ್ತು, ಶಬ್ದ ತಪ್ಪಿತ್ತು.

"ನಂಬಿಗಿ ಇಲ್ಲಾ?" ಎಂದರು. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿ ಬಹಳ ದಿನವಾಗಿತ್ತು.

"ನಂಬಿಗಿ ಅದರೀ. ಹೆದರಿಕಿ ಅದಕ್ಕಿಂತಾ ಭಾಳ ಅದ" ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ?

ಸಿರಿಂಜಿನಿಂದ ಹಳೆಯ ಎಣ್ಣೆ ಹೀರಿದೆ. ಕೆಂಪಗಿರಬೇಕಾದದ್ದು ಕಾಕಂಬಿಯಂತೆ ಕಪ್ಪಾಗಿತ್ತು. ಡಬ್ಬಿಗೆ ಎಣ್ಣೆ ತಿರುಗಿ ಬರುವ ಪೈಪನ್ನು ಬಿಚ್ಚಿ ಬಾಟಲಿಯೊಳಗೆ ಇಳಿಬಿಟ್ಟು, ಡಬ್ಬಿಯ ಆ ತೂತಿಗೆ ಬಿರಡೆ ಹಾಕಿದೆ. ಇನ್ನು ಒಬ್ಬರು ಸ್ಟೀರಿಂಗ್ ತಿರುಗಿಸುತ್ತ ಪೈಪಿನಲ್ಲಿ ಉಳಿದದ್ದನ್ನು ಹೊರಗೆ ತಳ್ಳಬೇಕು, ಇನ್ನೊಬ್ಬರು ಮೇಲಿನಿಂದ ಹೊಸದನ್ನು ಸುರಿಯುತ್ತಿರಬೇಕು. ಡ್ರೈವರ್ ಸೀಟಿನ ಬಾಗಿಲು ತೆಗೆದು ನಿಂತೆ.

"ಬ್ಯಾಡ" ಎಂದರು. ಲಕ್ವಾ ಹೊಡೆದ ಮೇಲೆ ಆ ಸೀಟಿನಲ್ಲಿ ಅವರು ಕುಳಿತೇ ಇರಲಿಲ್ಲ.

"ಹಂಗಾರ ತಿರುಗಿಸೋರು ಯಾರ್ರೀ? ಬಾನೆಟ್ಟಿನ್ಯಾಗೂ ನಾನಽ, ಸ್ಟೀರಿಂಗಿನ ಮುಂದೂ ನಾನಽ?"

ಇವರು ಮೊದಲು ಸೊಂಟ, ಆಮೇಲೆ ಒಂದೊಂದೇ ಕಾಲು ಒಳಗಿಟ್ಟು ಕುಳಿತರು. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಸ್ಟೀರಿಂಗ್ ಹಿಡಿದರು.

"ಎಡಕ್ಕ" ಎಂದೆ. ಬಲಕ್ಕೆ ತಿರುಗಿಸಿದರು. "ಅಲ್ರೀ, ಎಡಕ್ಕ!" ಮತ್ತೆ ಬಲಕ್ಕೇ. ಯಾವ ಕಡೆ ಮೊದಲಾದರೂ ನಡೆಯುವ ಕೆಲಸ ಅದು, ಆದರೆ ಅವರ ಕಣ್ಣು ಆಗಲೇ ಸೋತಿತ್ತು. ಸ್ಟೀರಿಂಗ್ ಬಿಟ್ಟು ಇಳಿಯಲು ಹವಣಿಸಿದರು. ನನಗೆ ಗಾಬರಿಯಾಗಿ ಬಾಯಿಗೆ ಬಂದದ್ದನ್ನು ಕೂಗಿದೆ: "ತುಳಸಿ ಕಡೆ ತಿರುಗಿಸ್ರೀ!"

ಗಾಲಿ ಎಡಕ್ಕೆ, ತುಳಸಿಕಟ್ಟೆಯ ಕಡೆ ಹೊರಳಿತು.

"ಈಗ ಬಾವಿ ಕಡೆ."

ಬಲಕ್ಕೆ ಹೊರಳಿತು. ಒಮ್ಮೆಯೂ ತಪ್ಪಲಿಲ್ಲ. ತುಳಸಿ ಕಡೆ, ಬಾವಿ ಕಡೆ, ತುಳಸಿ ಕಡೆ, ಬಾವಿ ಕಡೆ. ಕಪ್ಪು ಎಣ್ಣೆ ಬಾಟಲಿಗೆ ಗುಳುಗುಳು ಇಳಿದು, ಕಡೆಗೆ ದಾಸವಾಳದ ಬಣ್ಣ ಕಂಡಿತು. ವ್ಯಾಕರಣ ಕಲಿಸುವವಳು ನಾನು. ಎಡ, ಬಲ ಎಂಬ ಸಣ್ಣ ಶಬ್ದಗಳು ಕಳೆದುಹೋಗುವ ಜಾಗದಲ್ಲಿ ತುಳಸಿ, ಬಾವಿ ಹೇಗೆ ಉಳಿದವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಪೈಪನ್ನು ಜೋಡಿಸಿ ಬಿಗಿದು, ಗುರುತಿನ ತನಕ ಎಣ್ಣೆ ತುಂಬಿದ ಮೇಲೆ ಇಂಜಿನ್ ಚಾಲೂ ಮಾಡಿದರು. ಕಾರು ಮೊದಲಿಗಿಂತ ಜೋರಾಗಿ ಅರಚಿತು. ಡಬ್ಬಿಯಲ್ಲಿ ಎಣ್ಣೆ ನೊರೆ ಉಕ್ಕಿಸಿತು. ಅಷ್ಟರಲ್ಲಿ ಒಳಗಿನಿಂದ ಇವರು ಕೂಗಿದರು, "ಹೊಗಿ! ಹೊಗಿ!"

ಬೆಂಕಿ ಹತ್ತಿತೆಂದೇ ತಿಳಿದೆ. ಬಾವಿಕಟ್ಟೆಯ ಕೊಡ ಎತ್ತಿಕೊಂಡು ಓಡಿ ಬಂದು, "ಇಳೀರೀ! ಮೊದಲ ಇಳೀರೀ!" ಎಂದು ಚೀರಿದೆ. ಅವರು ಇಳಿಯಲಿಲ್ಲ. ಇಂಜಿನ್ನೂ ಆರಿಸಲಿಲ್ಲ. ತಲೆ ಜೋರಾಗಿ ಅಲ್ಲಾಡಿಸುತ್ತ, ಕೆನ್ನೆ ಉಬ್ಬಿಸಿ, ತುತ್ತೂರಿ ಊದುವವರಂತೆ ಫೂ ಎಂದು ಊದಿದರು. ಬಾನೆಟ್ಟಿನಲ್ಲಿ ಇಣುಕಿದೆ. ಹೊಗೆ ಇರಲಿಲ್ಲ, ಬರೀ ಗುಳ್ಳೆಗಳು.

"ಗಾಳಿ? ಪೈಪಿನ್ಯಾಗ ಗಾಳಿ ಹೊಕ್ಕದ ಅಂತೀರೇನು?"

"ಹೂಂ! ಗಾಳಿ!" ಬೆವರಿದ ಮುಖದಲ್ಲಿ ನಿರಾಳ.

ಕೊಡ ಕೆಳಗಿಟ್ಟೆ. ಮತ್ತೆ ನಿಂತು ತುಳಸಿ, ಬಾವಿ ಎಂದು ಹೇಳತೊಡಗಿದೆ, ಅವರು ನಿಧಾನಕ್ಕೆ, ಕೊನೆಯಲ್ಲಿ ಒತ್ತಿ ಹಿಡಿಯದೆ, ಆ ಕಡೆ ಈ ಕಡೆ ತಿರುಗಿಸಿದರು. ಗುಳ್ಳೆ ತೆಳುವಾದವು. ಅರಚಾಟ ನರಳಾಟವಾಯಿತು, ನರಳಾಟ ಗೊಣಗಾಟವಾಯಿತು, ಕಡೆಗೆ ಇಂಜಿನ್ನಿನ ಸದ್ದು ಮಾತ್ರ ಉಳಿಯಿತು. ಇವರು ಒಂದೇ ಬೆರಳಿನಿಂದ ಸ್ಟೀರಿಂಗ್ ತಿರುಗಿಸಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹಳೆಯ ಜಂಬ ಇಣುಕಿತ್ತು.

ಕಿತ್ತೂರು ದಾಟಿ ಧಾರವಾಡ ಮುಟ್ಟುವ ತನಕ ನಾನು ಪ್ರತಿ ಸದ್ದಿಗೂ ಕಿವಿಯಾಗಿದ್ದೆ. ಏನೂ ಆಗಲಿಲ್ಲ. ಆದದ್ದು ಡಾಕ್ಟರರ ಕೋಣೆಯಲ್ಲಿ. "ಹೇಗಿದ್ದೀರಿ?" ಎಂದು ಅವರು ಕೇಳಿದರು. ಎಂದಿನಂತೆ ನಾನು ಉತ್ತರ ಶುರುಮಾಡಿದೆ. ಇವರು ಎಡಗೈ ಎತ್ತಿ ನನ್ನನ್ನು ತಡೆದರು.

"ನಾ ಹೇಳತೇನಿ."

ಹೇಳಿದರು. ಬಹಳ ಹೊತ್ತು ಹಿಡಿಯಿತು. ಅರ್ಧ ಶಬ್ದಗಳು ಬೇರೆಯೇ ಇದ್ದವು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಬಾಯಿ ಮುಚ್ಚಿ ಕುಳಿತೆ.

ಕೈ ಪೂರ್ತಿ ಬರಲಿಲ್ಲ, ಬರುವುದೂ ಇಲ್ಲವೇನೋ. ಮಾತು ಇನ್ನೂ ಎಡವುತ್ತದೆ. ನನ್ನ ಅಂಜಿಕೆಯೂ ಎಲ್ಲಿಗೂ ಹೋಗಿಲ್ಲ.

ಇಷ್ಟು ನೆನೆಯುತ್ತ ಡಿಕ್ಕಿ ಮುಚ್ಚುವಷ್ಟರಲ್ಲಿ ಎದುರು ಮನೆಯ ನಿವೃತ್ತ ಕಂಡಕ್ಟರರು ಗೇಟಿನ ಹತ್ತಿರ ಬಂದು ನಿಂತಿದ್ದರು. ಅವರ ಮನೆಯ ಪಂಪು ನೀರು ಎತ್ತುತ್ತಿಲ್ಲವಂತೆ. ಅಂಗಳದಲ್ಲಿದ್ದ ನಮ್ಮ ಮನೆಯವರು ಏನೋ ಹೇಳಹೊರಟು, ಒಂದು ಶಬ್ದಕ್ಕೆ ತಡೆದು ನಿಂತರು. "ಅದು… ಕೆಳಗಿಂದು… ಜಾಳಿಗಿ… ಅಲ್ಲ…" ಕಂಡಕ್ಟರರು ಸಹಾಯ ಬೇಡುವವರಂತೆ ನನ್ನತ್ತ ನೋಡಿದರು. ಪೈಪಿನ ಬುಡದ ಫುಟ್‌ವಾಲ್ವ್, ನನಗೆ ಆ ಶಬ್ದ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ನಾನು ಒಳಗೆ ಹೋಗಿ ಕಿಟಕಿಯ ಪರದೆಯ ಹಿಂದೆ ಉಸಿರು ಹಿಡಿದು ನಿಂತೆ.

"ಸಾವಕಾಶ ಹೇಳ್ರಿ, ನನಗೇನ ಗಡಿಬಿಡಿ ಐತಿ?" ಎಂದರು ಕಂಡಕ್ಟರರು.

ಆಮೇಲೆ ಇವರ ದನಿ: "ಸಿಗವಲ್ದು. ನಡೀರಿ, ತೋರಸ್ತೇನಿ."

ಗೇಟು ಕಿರುಗುಟ್ಟಿತು. ಪರದೆ ಸರಿಸಿ ನೋಡಿದರೆ, ಇಬ್ಬರೂ ರಸ್ತೆ ದಾಟುತ್ತಿದ್ದರು. ಇವರ ಊರುಗೋಲು ಇಲ್ಲೇ ಗೋಡೆಗೆ ಒರಗಿತ್ತು, ದೂರದಿಂದ ಮೋಟರ್ ಸೈಕಲ್ಲೊಂದು ಬರುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ. ಕೂಗಲಿಲ್ಲ.